ವರ್ಷಕ್ಕೆ ಸಾಕಾಗುವಷ್ಟು

ಇದನ್ನು ಹೇಳಲು ಹೊರಟದ್ದೇ ಅಧಿಕಪ್ರಸಂಗವಾಯಿತೋ ಏನೋ, ಓದುವವರು ಮನ್ನಿಸಬೇಕು. ನಾನು ವೈದ್ಯನಲ್ಲ, ವಿಜ್ಞಾನ ಓದಿದವನೂ ಅಲ್ಲ. ಹಗಲೆಲ್ಲ ಹಾರ್ಡ್‌ವೇರ್ ಅಂಗಡಿಯಲ್ಲಿ ನಿಂತು, ಸಂಜೆಯ ತರಗತಿಯ ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಾ ಪದವಿ ಮುಗಿಸಿದವನು. ಅಣು, ವಿಕಿರಣ ಎಂಬ ಮಾತುಗಳನ್ನು ಬರೆಯುವಾಗ ಈಗಲೂ ಯಾರೋ ಹಿಂದಿನಿಂದ ಬಗ್ಗಿ ನೋಡಿ ನಗುತ್ತಿದ್ದಾರೆ ಅನಿಸುತ್ತದೆ. ವೇಣೂರಿನಲ್ಲಿ ನೀರು ಬಿಡುವ ಕಮಲಾಕ್ಷಣ್ಣ ನನಗೆ ಹೇಳಿದ್ದು ಸ್ವಲ್ಪ. ಹೇಳುತ್ತಾ ಹೇಳುತ್ತಾ ನಿಲ್ಲಿಸಿದ್ದು ಹೆಚ್ಚು. ಅವರು ನಿಲ್ಲಿಸಿದ ಕಡೆಯಿಂದ ಮುಂದಕ್ಕೆ ಹೋದದ್ದು ನಾನು. ಅಲ್ಲಿ ತಪ್ಪಿದ್ದರೆ ಅದು ನನ್ನದು.

ಆಟಿ ಕಳೆದು ಬಂದ ಸೋಣ ತಿಂಗಳ ಒಂದು ಬೆಳಿಗ್ಗೆ ವೇಣೂರಿನ ಪಂಪ್ ಶೆಡ್ಡಿನ ಹೊರಗೆ ಕಮಲಾಕ್ಷ ಬಕೆಟಿನಲ್ಲಿ ಬ್ಲೀಚಿಂಗ್ ಪೌಡರ್ ಕದಡಿಟ್ಟು, ಅದರ ಸುಣ್ಣ ತಳಕ್ಕಿಳಿಯುವುದನ್ನು ಕಾಯುತ್ತಾ ಕೂತಿದ್ದ. ಪಂಚಾಯತಿಯ ನೀರು ಬಿಡುವ ಕೆಲಸಕ್ಕೆ ಸೇರಿದಂದಿನಿಂದ ಅವನ ಬೆಳಿಗ್ಗೆ ಶುರುವಾಗುವುದೇ ಹೀಗೆ. ಕದಡಬೇಕು, ಕಾಯಬೇಕು, ಮೇಲೆ ನಿಂತ ತಿಳಿಯನ್ನು ಮಾತ್ರ ಟ್ಯಾಂಕಿಗೆ ಹೊಯ್ಯಬೇಕು. ಹೊಯ್ದದ್ದನ್ನು ಊರು ಕುಡಿಯುತ್ತದೆ. ಇಷ್ಟು ಹಾಕಿದೆ ಎಂದು ಯಾರಿಗೂ ಹೇಳುವುದಿಲ್ಲ, ಎಷ್ಟು ಹಾಕಿದೆ ಎಂದು ಯಾರೂ ಕೇಳುವುದಿಲ್ಲ. ವಾಸನೆ ಜಾಸ್ತಿಯಾದ ದಿನ ಮಾತ್ರ ಯಾರಾದರೂ ಬೈಕ್ ನಿಲ್ಲಿಸಿ, 'ಏನು ಕಮಲಾಕ್ಷಣ್ಣ, ಇವತ್ತು ನಮ್ಮನ್ನು ಒಗೆದು ಒಣಗಿಸುವ ಅಂದಾಜಾ?' ಎಂದು ಕೇಳಿ ಹೋಗುತ್ತಾರೆ. ಆ ತಮಾಷೆ ಅವನಿಗೆ ಇಷ್ಟವಾಗಿತ್ತು. ತನ್ನ ಕೈ ದಾಟಿದ್ದು ಇವರೆಲ್ಲರ ಹೊಟ್ಟೆ ಸೇರುತ್ತದೆ, ಸೇರಿ ಕಾಪಾಡುತ್ತದೆ ಎಂಬುದು ಆ ತಮಾಷೆಯೊಳಗೆ ಒಪ್ಪಿಕೊಂಡ ಮಾತಾಗಿತ್ತು. ಇವತ್ತು ಬಕೆಟಿನ ತಿಳಿಯಲ್ಲಿ ತನ್ನ ಮುಖ ಕಂಡು ಅವನು ಕಣ್ಣು ತಿರುಗಿಸಿದ. ಶರ್ಟಿನ ಕಿಸೆಯಲ್ಲಿ ಕರವಸ್ತ್ರ ಸುತ್ತಿದ ಸಣ್ಣ ಬುಡ್ಡಿ ಎದೆಗೆ ಒತ್ತುತ್ತಿತ್ತು. ಮೂಡುಬಿದಿರೆಯ ಡಾಕ್ಟ್ರಮ್ಮ ಮದ್ದಿನ ಚೀಟಿ ಬರೆಯುವ ಮೊದಲು ಹೇಳಬೇಕು. ಬರೆದ ಮೇಲೆ ಹೇಳಿದರೆ ಹೇಳಿದ ಹಾಗಲ್ಲ. ಹೆಂಡತಿ ಕುಸುಮಳ ಎದುರಿಗೇ ಹೇಳಬೇಕು. ಇದನ್ನು ಅವನು ಬಾಯಿಪಾಠದ ಹಾಗೆ ಮೂರು ದಿಕ್ಕಿನಿಂದಲೂ ಹೇಳಿ ನೋಡಿದ. ಪ್ರತಿ ಸಲವೂ ಮೊದಲ ವಾಕ್ಯ ಬೇರೆಯಾಗುತ್ತಿತ್ತು.

ಕುಸುಮ ಬಸ್ ನಿಲ್ದಾಣದಲ್ಲಿ ಮೊದಲೇ ಬಂದು ನಿಂತಿದ್ದಳು. ಕೊಡೆಯನ್ನು ಎರಡೂ ಕೈಯಲ್ಲಿ ಎದೆಗವಚಿ ಹಿಡಿದಿದ್ದಳು. ಕೈ ನಡುಗುವುದು ಕಾಣಬಾರದು ಎಂದು. ಈಚೆಗೆ ಅವಳು ಚಹಾವನ್ನು ಸ್ಟೀಲಿನ ಲೋಟದಲ್ಲಿ ಕುಡಿಯುವುದು ಬಿಟ್ಟಿದ್ದಳು, ಬಳೆಗೆ ತಾಗಿ ಶಬ್ದವಾಗುತ್ತದೆ ಎಂದು. ಮನೆಯೊಳಗೆ ನಡೆದರೆ ಮೆಟ್ಟಿಲು ಹತ್ತಿದ ಹಾಗೆ ಏದುಸಿರು. ಮಗಳು ತೃಪ್ತಿ ಮೊಮ್ಮಗಳನ್ನು ಕರೆದುಕೊಂಡು ಕುವೈತಿಗೆ ವಾಪಸು ಹೋದ ಬೇಸರ ಎಂದು ಊರವರೂ ಅವಳೂ ಸೇರಿ ತೀರ್ಮಾನ ಮಾಡಿದ್ದರು. ಅವನೂ ಹೂಂಗುಟ್ಟಿದ್ದ. ಆ ಹೂಂ ಎಂಬುದು, ಹೇಳಿದ ಕ್ಷಣದಿಂದ, ಗಂಟಲಿನಲ್ಲಿ ಮೀನಿನ ಮುಳ್ಳಿನ ಹಾಗೆ ನಿಂತಿತ್ತು.

ಮೂಡುಬಿದಿರೆಯ ಬಸ್ಸು ತುಂಬಿತ್ತು. ಕಾಲೇಜಿನ ಮಕ್ಕಳ ಬ್ಯಾಗುಗಳ ನಡುವೆ ಒಂದು ಸೀಟಿನ ಮೇಲೆ ಚೌಕುಳಿಯ ಟವೆಲ್ ಬಿದ್ದಿತ್ತು. ಅದರ ಯಜಮಾನ, ವೇಣೂರು ಪೇಟೆಯ ದಿನಸಿ ಅಂಗಡಿಯ ಅಬ್ದುಲ್ ಶುಕೂರ್, ಕಂಡಕ್ಟರನ ಹತ್ತಿರ ಚಿಲ್ಲರೆಗೆ ಜಗಳ ಮಾಡಿ ಬಂದು ಟವೆಲ್ ಎತ್ತಿ ಕುಸುಮಳಿಗೆ ಸೀಟು ಬಿಟ್ಟರು.

'ಕೂತ್ಕೊಳ್ಳಿ ಕುಸುಮಕ್ಕ. ಟವೆಲ್ ನನ್ನದು, ಸೀಟು ಸರ್ಕಾರದ್ದಲ್ಲ, ಬಸ್ಸಿನವನದ್ದು. ಅವನು ಕೇಳಿದ್ರೆ ನೋಡುವ.'

'ನೀವು ಕೂತ್ಕೊಳ್ಳಿ ಶುಕೂರಾಕ, ನಿಮ್ಮ ಮೊಣಕಾಲು...'

'ಮೊಣಕಾಲಿಗೆ ಮೂಡುಬಿದಿರೆಯಲ್ಲಿ ಎಣ್ಣೆ ಸಿಗ್ತದೆ. ಮಾರಾಯ ಕಮಲಾಕ್ಷ, ಏನು ಮುಖ ಮಾಡಿದ್ದು? ಟ್ಯಾಂಕಿಗೆ ಕಾಗೆ ಬಿತ್ತಾ?'

ಶುಕೂರರ ಮಗ ಶಮೀರ್ ಕೂಡ ಕುವೈತಿನಲ್ಲೇ, ಒಂದು ಬಕಾಲದಲ್ಲಿ, ಅಂದರೆ ಅಲ್ಲಿನ ದಿನಸಿ ಅಂಗಡಿಯಲ್ಲಿ. ಆ ಕಡೆ ಯುದ್ಧವಾದ ವಾರ ಶುಕೂರರು ಅಂಗಡಿಯಲ್ಲಿ ದೊಡ್ಡ ಧ್ವನಿಯಲ್ಲಿ ತಮಾಷೆ ಮಾಡುತ್ತಾ ಸಕ್ಕರೆ ಕಟ್ಟುತ್ತಿದ್ದರು. 'ಬಾಂಬು ಬಿದ್ರೆ ಎಲ್ಲರಿಗೂ ಒಟ್ಟಿಗೆ, ಬೀಳದಿದ್ರೆ ಸಂಬಳ. ಎರಡರ ನಡುವೆ ಹೆದರ್ಲಿಕ್ಕೆ ಜಾಗ ಎಲ್ಲುಂಟು?' ಕಮಲಾಕ್ಷನಿಗೆ ಜಾಗ ಸಿಕ್ಕಿತ್ತು. ಅಲ್ಲಿ ನದಿ ಇಲ್ಲ, ಸಮುದ್ರದ ನೀರನ್ನೇ ಸಿಹಿ ಮಾಡಿ ಪೈಪಿಗೆ ಬಿಡುತ್ತಾರೆ ಎಂದು ಅಳಿಯ ರಂಜಿತ್ ಒಮ್ಮೆ ಫೋನಿನಲ್ಲಿ ಹೇಳಿದ್ದ. ಆ ಸಮುದ್ರದ ಎದುರು ದಡದಲ್ಲಿ ಅಣು ವಿದ್ಯುತ್ತಿನ ಕಾರ್ಖಾನೆ ಉಂಟು, ಅದಕ್ಕೇನಾದರೂ ಆದರೆ ಕಷ್ಟ, ಜನ ಬಾಟ್ಲಿ ನೀರು ತುಂಬಿಸಿಡ್ತಾ ಇದ್ದಾರೆ ಎಂದೂ ಹೇಳಿದ್ದ. ಅಂದಿನಿಂದ ಕಮಲಾಕ್ಷನ ತಲೆಯೊಳಗೆ ತಾನು ಎಂದೂ ನೋಡದ ಒಬ್ಬ ಮನುಷ್ಯ ಬಂದು ಕೂತಿದ್ದ: ಕುವೈತಿನ ಪಂಪ್ ಆಪರೇಟರ್. ಅವನೂ ಬೆಳಿಗ್ಗೆ ಎದ್ದು ಏನೋ ಕದಡುತ್ತಾನೆ, ಕಾಯುತ್ತಾನೆ. ಆ ಕಾರ್ಖಾನೆಯ ವಿಷದ ಹೊಗೆ ಬಂದು ಸಮುದ್ರಕ್ಕೆ ಬಿದ್ದ ದಿನ ಅವನು ಟ್ಯಾಂಕಿಗೆ ಏನು ಹಾಕುತ್ತಾನೆ? ಹಾಕಲು ಏನೂ ಇಲ್ಲದಿದ್ದರೂ ನೀರು ಬಿಡಲೇಬೇಕಲ್ಲ. ಬಿಟ್ಟ ನೀರಿಗೆ ಸಾತ್ವಿಕಾ, ಇನ್ನೂ ಕಿಂಡರ್‌ಗಾರ್ಟನ್ ದಾಟದ ತನ್ನ ಮೊಮ್ಮಗಳು, ಲೋಟ ಹಿಡಿಯುತ್ತಾಳೆ.

ಆ ಹೆದರಿಕೆಯಲ್ಲೇ ಅವನು ಒಂದು ದಿನ ಹೋದದ್ದು ಬಿ.ಸಿ. ರೋಡಿನ ಒಂದು ಕಟ್ಟಡದ ಮಾಳಿಗೆಗೆ; ಅಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ನಿತ್ಯಾನಂದ ಎಂಬವನು, ಹಿಂದೆ ಬಂಟ್ವಾಳದಲ್ಲಿ ಇನ್ಶೂರೆನ್ಸ್ ಮಾಡುತ್ತಿದ್ದವನು, ಈಗ ಆರೋಗ್ಯದ ಉತ್ಪನ್ನಗಳನ್ನು ಮಾರುತ್ತಿದ್ದ. ಸಮುದ್ರದ ಪಾಚಿಯ ಗುಳಿಗೆ, ಹಸಿರು ಪುಡಿ, ಅಯೋಡಿನ್ನಿನ ಕಂದು ಹನಿ. ಗಲ್ಫಿನಲ್ಲಿ ಮಕ್ಕಳಿರುವವರಿಗೆಂದೇ ಕರೆದ ಸಭೆ ಅದು. 'ನೋಡಿ, ನಮ್ಮ ಕುತ್ತಿಗೆಯಲ್ಲಿ ಒಂದು ಗ್ರಂಥಿ ಉಂಟು. ಅದಕ್ಕೆ ಅಯೋಡಿನ್ ಬೇಕು. ಒಳ್ಳೇದು ಸಿಗದಿದ್ರೆ ಅಣು ಹೊಗೆಯಲ್ಲಿ ಬರುವ ವಿಷದ್ದನ್ನೇ ಹೀರ್ತದೆ. ಆದ್ದರಿಂದ ಮೊದಲೇ ಒಳ್ಳೇದನ್ನು ತುಂಬಿಸಿ. ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ! ಆಮೇಲೆ ಬಂದವನು ನಿಂತೇ ಹೋಗ್ಬೇಕು.' ಎಲ್ಲರೂ ನಕ್ಕಿದ್ದರು. ಕಮಲಾಕ್ಷ ನಗಲಿಲ್ಲ, ಅವನಿಗೆ ಅದು ಅರ್ಥವಾಗಿತ್ತು. ತನ್ನ ಬದುಕಿನಲ್ಲಿ ಯಾರಾದರೂ ವಿಜ್ಞಾನ ಹೇಳಿ ಅದು ಪೂರ್ತಿ ಅರ್ಥವಾದದ್ದು ಅದೇ ಮೊದಲು ಎಂಬ ಸಂತೋಷದಲ್ಲಿ ಅವನು ಹನಿಯ ಬುಡ್ಡಿಯನ್ನು ಕೊಂಡ. ಕೊಳ್ಳುವಾಗ ಪಕ್ಕದಲ್ಲಿದ್ದ ಟೈ ಕಟ್ಟಿದ ಹುಡುಗ 'ಸಾರ್ ಏನು ಮಾಡ್ತಿದ್ದೀರಿ?' ಎಂದು ಕೇಳಿದಾಗ 'ವಾಟರ್ ಡಿಪಾರ್ಟ್‌ಮೆಂಟ್' ಎಂದಿದ್ದ. ಬಸ್ಸಿನ ಕಂಬಿಗೆ ತೂಗುತ್ತಿರುವ ಈ ಹೊತ್ತಿನಲ್ಲೂ ಆ ಉತ್ತರ ನೆನಪಾಗಿ ಕಿವಿ ಬಿಸಿಯಾಯಿತು.

ಕುವೈತಿನ ಬೇಸಿಗೆ ರಜೆಗೆ, ಇಲ್ಲಿಯ ಮಳೆಗಾಲದಲ್ಲಿ, ಬಂದ ತೃಪ್ತಿಯ ಮುಂದೆ ಬುಡ್ಡಿ ಇಟ್ಟಾಗ ಅವಳು ಲೇಬಲ್ಲನ್ನು ಓದಿ, ಫೋನಿನಲ್ಲಿ ಏನೋ ನೋಡಿ, ವಾಪಸು ಅವನ ಕೈಗೇ ಕೊಟ್ಟಿದ್ದಳು. 'ಅಪ್ಪಾ, ಬೇಡ. ಅಂಥದ್ದೇನಾದ್ರೂ ಆದ್ರೆ ಅಲ್ಲಿನ ಸರ್ಕಾರವೇ ಮಾತ್ರೆ ಕೊಡ್ತದಂತೆ, ಯಾವಾಗ ತಗೊಳ್ಬೇಕು ಅಂತ ಅವರೇ ಹೇಳ್ತಾರಂತೆ. ಇದೆಲ್ಲ ಪೇಟೆಯಲ್ಲಿ ಸಿಗುವ ಹನಿ.' ದನಿಯಲ್ಲಿ ಸಿಟ್ಟಿರಲಿಲ್ಲ, ಕರುಣೆ ಇತ್ತು. ಸಿಟ್ಟಾಗಿದ್ದರೆ ಅವನು ಬಿಟ್ಟುಬಿಡುತ್ತಿದ್ದನೋ ಏನೋ. ಸರ್ಕಾರ ಹೇಳುತ್ತದಂತೆ. ಟ್ಯಾಂಕಿನಲ್ಲಿ ಹುಳ ಬಿದ್ದರೆ ಸರ್ಕಾರ ಹೇಳುವ ಮೊದಲು ಗೊತ್ತಾಗುವುದು ಯಾರಿಗೆ?

'ಟಿಕೆಟ್,' ಎಂದ ಕಂಡಕ್ಟರ್. ಕಮಲಾಕ್ಷ ಕಿಸೆಗೆ ಕೈ ಹಾಕಿದಾಗ ಬೆರಳಿಗೆ ಬುಡ್ಡಿ ತಾಗಿತು. ಬೆಂಕಿ ತಾಗಿದವನ ಹಾಗೆ ಕೈ ತೆಗೆದು ಇನ್ನೊಂದು ಕಿಸೆ ಹುಡುಕಿದ. ಕುಸುಮ ಕಿಟಕಿಯ ಹೊರಗೆ ನೋಡುತ್ತಿದ್ದಳು. ಅವಳ ಕುತ್ತಿಗೆಯ ಎಡಬದಿಯ ಗಡ್ಡೆ, ಹೆಬ್ಬೆರಳಿನಷ್ಟು, ಮದುವೆಯ ಫೋಟೋದಲ್ಲೂ ಸರದ ಮೇಲೆ ಕಾಣುವಂಥದ್ದು, ಬಸ್ಸಿನ ಕುಲುಕಿಗೆ ಮೇಲೆ ಕೆಳಗೆ ಆಡುತ್ತಿತ್ತು. ಒಂದೇ ಮಂಚದಲ್ಲಿ ಇಷ್ಟು ವರ್ಷ ಮಲಗಿ, ಕುತ್ತಿಗೆಯ ಗ್ರಂಥಿ ಎಂದು ನಿತ್ಯಾನಂದ ಹೇಳಿದಾಗ ಈ ಕುತ್ತಿಗೆ ನೆನಪಾಗಲಿಲ್ಲವಲ್ಲ! ನೆನಪಾದದ್ದು ಮಗುವಿನ ಕುತ್ತಿಗೆ ಮಾತ್ರ.

ಮಳೆಗಾಲದ ನಡುವಿನ ಆಟಿ ತಿಂಗಳ ಅಮಾವಾಸ್ಯೆಯ ಕಷಾಯ ಅವರ ಮನೆಯಲ್ಲಿ ಕಮಲಾಕ್ಷನ ಕೆಲಸ, ಅದಕ್ಕೆ ಮೊದಲು ಅವನ ಅಪ್ಪನದು. ಬೆಳಕು ಹರಿಯುವ ಮೊದಲು ಹಾಲೆ ಮರದ ಬುಡಕ್ಕೆ ಹೋಗಬೇಕು, ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ಎಬ್ಬಿಸಬೇಕು. ಅರೆದು ಹಿಂಡಿದ ರಸಕ್ಕೆ ಬೆಳ್ಳುಳ್ಳಿ, ಓಮ, ಕರಿಮೆಣಸು. ಕೆಂಡದಲ್ಲಿ ಕಾದ ಬಿಳಿ ಕಲ್ಲನ್ನು ಚುಂಯ್ ಎಂದು ಅದರಲ್ಲಿ ಮುಳುಗಿಸಬೇಕು. ಬರಿಹೊಟ್ಟೆಯಲ್ಲಿ ಒಂದು ಲೋಟ. ಆ ದಿನ ಆ ಮರದಲ್ಲಿ ಎಲ್ಲ ಮದ್ದೂ ಸೇರಿರುತ್ತದಂತೆ; ಒಮ್ಮೆ ಕುಡಿದರೆ ವರ್ಷಕ್ಕೆ ಸಾಕು. ಬೇಡ ಎನ್ನುವ ಹಾಗಿಲ್ಲ, ಚೆಲ್ಲುವ ಹಾಗಿಲ್ಲ. ಯಾವ ಮರದಿಂದ ತಂದೆ ಎಂದು ತಂದವನನ್ನು ಕೇಳುವ ಹಾಗೂ ಇಲ್ಲ. ಕತ್ತಲಲ್ಲಿ ಮರ ತಪ್ಪಿ ವಿಷದ ಕಾಸರಕದ ತೊಗಟೆ ತಂದು ಮನೆಮಂದಿಯೆಲ್ಲ ನೆಲಕ್ಕುರುಳಿದ ಸುದ್ದಿ ಕೇಳಿದ್ದ ಅಪ್ಪ, ಹಿಂದಿನ ಸಂಜೆಯೇ ಹೋಗಿ ಮರಕ್ಕೆ ಬಾಳೆನಾರು ಕಟ್ಟಿ ಬರುತ್ತಿದ್ದರು. 'ಕೇಳದೆ ಕುಡೀತಾರೆ ಮಗಾ, ಆದ್ದರಿಂದ ನಾವು ಎರಡು ಸಲ ನೋಡ್ಬೇಕು.' ಕಮಲಾಕ್ಷನೂ ಈ ಆಟಿಗೆ ನಾರು ಕಟ್ಟಿದ್ದ, ಎರಡು ಸಲ ನೋಡಿದ್ದ. ಕಲ್ಲು ಆರಿದ ಮೇಲೆ, ಅಡುಗೆಮನೆಯಲ್ಲಿ ಒಬ್ಬನೇ ಇದ್ದಾಗ, ಬುಡ್ಡಿಯ ಮುಚ್ಚಳ ತಿರುಗಿಸಿದ್ದ. ದಿನಕ್ಕೆ ಎರಡು ಹನಿ ಎಂದು ಬರೆದಿತ್ತು. ಆದರೆ ದಿನವೂ ಕೊಡಲು ಮಗಳು ಇರುವುದಿಲ್ಲವಲ್ಲ. ಇವತ್ತೊಂದು ದಿನ, ಇದೊಂದು ಲೋಟ. ವರ್ಷಕ್ಕೆ ಸಾಕಾಗಬೇಕು. ಹನಿ ಎಣಿಸದೆ ಬಗ್ಗಿಸಿದ. ಕಂದು ಬಣ್ಣ ಒಂದು ಗಳಿಗೆ ಹಾವಿನ ಹಾಗೆ ಸುರುಳಿ ಸುತ್ತಿ ಕಷಾಯದೊಳಗೆ ಕಾಣದಾಯಿತು. ಒಂದು ಹನಿ ತಪ್ಪಿ ಪಕ್ಕದಲ್ಲಿದ್ದ ಗಂಜಿಯ ಮೇಲೆ ಬಿತ್ತು, ಬಿದ್ದ ಜಾಗ ಕಣ್ಣೆದುರಿಗೇ ಶಾಯಿಯ ಹಾಗೆ ಕಡುನೀಲಿಯಾಯಿತು. ಅವನು ಆ ಅಗುಳುಗಳನ್ನು ಗೋರಿ ಬಚ್ಚಲಿಗೆ ಎಸೆದು, ಕೈ ತೊಳೆದು, ಎಲ್ಲರನ್ನೂ ಕರೆದ. ಗಂಜಿ ನೀಲಿಯಾದದ್ದನ್ನು ಕಂಡ ಮೇಲೂ ಕರೆದ. ಮುಂದೆ ಏನೇ ಹೇಳಿದರೂ ಈ ಒಂದನ್ನು ಬಿಟ್ಟು ಹೇಳಬಾರದು ಎಂದು ಅವನು ಬಸ್ಸಿನ ಕಂಬಿಯನ್ನು ಬಿಗಿಯಾಗಿ ಹಿಡಿದ.

ಡಾಕ್ಟ್ರಮ್ಮನ ಕೋಣೆಯ ಹೊರಗಿನ ಬೆಂಚಿನಲ್ಲಿ ಕುಸುಮ ರಕ್ತದ ರಿಪೋರ್ಟನ್ನು ಮಡಚಿ ಬಿಚ್ಚಿ ಮಾಡುತ್ತಿದ್ದಳು. ಅದರ ಅಂಕೆಗಳ ಪಕ್ಕದಲ್ಲಿ ದಪ್ಪ ಅಕ್ಷರ ಬಿದ್ದಿತ್ತು, ದಪ್ಪ ಅಕ್ಷರ ಒಳ್ಳೆಯದಲ್ಲ ಎಂಬಷ್ಟು ಇಬ್ಬರಿಗೂ ಗೊತ್ತಿತ್ತು. ಒಳಗೆ ಹೋದಾಗ ಡಾಕ್ಟ್ರಮ್ಮ ನಾಡಿ ಹಿಡಿದು, ಕೈ ಚಾಚಿಸಿ ಬೆರಳುಗಳ ಮೇಲೆ ಒಂದು ಕಾಗದ ಇಟ್ಟರು. ಕಾಗದ ಗಾಳಿ ಬಂದ ಹಾಗೆ ಅದುರಿತು.

'ಯಾವಾಗಿನಿಂದ?'

'ಮಗಳು ಹೋದ ಮೇಲೆ ಜಾಸ್ತಿ ಡಾಕ್ಟ್ರೇ. ಬೇಜಾರಿಗೆ ಅಂತ ಎಣಿಸಿದ್ದೆ.'

'ಬೇಜಾರಿಗೆ ನಾಡಿ ಹೀಗೆ ಓಡುವುದಿಲ್ಲ ಅಮ್ಮ. ಈ ಗಡ್ಡೆ ಹಳೆಯದಲ್ವಾ? ಇಷ್ಟು ವರ್ಷ ಸುಮ್ಮನಿತ್ತು. ಈಗ ಬೇರೆ ಏನಾದರೂ ಮದ್ದು ತಗೊಂಡಿದ್ದೀರಾ? ಟಾನಿಕ್, ಹಳ್ಳಿ ಮದ್ದು?'

'ಏನೂ ಇಲ್ಲ,' ಎಂದಳು ಕುಸುಮ. ಆಟಿಯ ಕಷಾಯವನ್ನು ಮದ್ದೆಂದು ಅವಳು ಎಣಿಸಿರಲೇ ಇಲ್ಲ.

ಕಮಲಾಕ್ಷ ಬಾಯಿ ತೆರೆದ. ಫೋನ್ ರಿಂಗಾಯಿತು. ಡಾಕ್ಟ್ರಮ್ಮ ಭುಜಕ್ಕೂ ಕಿವಿಗೂ ನಡುವೆ ಅದನ್ನು ಸಿಕ್ಕಿಸಿಕೊಂಡು ಬರೆಯತೊಡಗಿದರು. ಇಟ್ಟ ಮೇಲೆ ಬೇಗ ಬೇಗ ಹೇಳಿದರು: ಎದೆಬಡಿತಕ್ಕೆ ಈ ಮಾತ್ರೆ, ಮಂಗಳೂರಿನಲ್ಲಿ ಒಂದು ಸ್ಕ್ಯಾನ್; ವಿಕಿರಣ ಇರುವ ಮದ್ದು ಒಂಚೂರು ಕೊಡುತ್ತಾರೆ, ಹೆದರಬಾರದು, ಗಡ್ಡೆ ಅದನ್ನು ಎಷ್ಟು ಹೀರುತ್ತದೆ ಎಂದು ನೋಡುತ್ತಾರೆ, ಅದರ ಮೇಲೆ ಮುಂದಿನ ಚಿಕಿತ್ಸೆ. 'ಮುಂದಿನವರು.' ವಿಕಿರಣ ಎಂಬ ಮಾತು ಇಲ್ಲಿ, ಫ್ಯಾನಿನ ಕೆಳಗೆ, ಇಷ್ಟು ಸಾಧಾರಣ ದನಿಯಲ್ಲಿ ಬರಬಹುದೆಂದು ಕಮಲಾಕ್ಷ ಊಹಿಸಿರಲಿಲ್ಲ. ಆ ದಿಗಿಲಿನಲ್ಲಿ ಕಾಲು ತಾನೇ ತಾನಾಗಿ ಹೊರಗೆ ನಡೆದಿತ್ತು. ಕುಸುಮ ಚಪ್ಪಲಿ ಹುಡುಕುತ್ತಿದ್ದಳು. ಚೀಟಿ ಬರೆದಾಗಿತ್ತು. ಬರೆದ ಮೇಲೆ ಹೇಳಿದರೆ ಹೇಳಿದ ಹಾಗಲ್ಲ ಎಂದು ಬೆಳಿಗ್ಗೆ ತಾನೇ ಹಾಕಿಕೊಂಡ ಕಟ್ಟು ಈಗ ಎಷ್ಟು ಅನುಕೂಲವಾಗಿ ಒದಗಿತು, ಮುಂದಿನ ಸಲ ಹೇಳಬಹುದು, ಮನೆಯಲ್ಲಿ ಮೊದಲು ಕುಸುಮಳಿಗೆ ಹೇಳಿ ಆಮೇಲೆ... ಬಕೆಟಿನಲ್ಲಿ ತಿಳಿ ನಿಲ್ಲುವುದನ್ನು ಕಾಯುವವನ ಹಾಗೆ ಅವನು ಒಂದು ಗಳಿಗೆ ನಿಂತ. ಇಲ್ಲ, ಇದು ನಿಲ್ಲುವ ಪೈಕಿ ಅಲ್ಲ. ಪರದೆ ಸರಿಸಿ ಒಳಗೆ ನುಗ್ಗಿದ.

ಒಳಗೆ ಯಾರೋ ಅಪರಿಚಿತರು ಬನಿಯನ್ ಎತ್ತಿಕೊಂಡು ಬೆನ್ನು ತೋರಿಸುತ್ತಾ ಕೂತಿದ್ದರು. 'ಏಯ್, ಏನ್ರಿ ಇದು,' ಎಂದು ಕಾಂಪೌಂಡರ್ ಎದ್ದ.

'ಡಾಕ್ಟ್ರೇ, ನಾನು ಹಾಕಿದ್ದೇನೆ,' ಎಂದ ಕಮಲಾಕ್ಷ. ಬಾಯಿಪಾಠ ಮಾಡಿದ ವಾಕ್ಯಗಳಲ್ಲಿ ಇದು ಇರಲಿಲ್ಲ. 'ಇವಳ ಕಷಾಯಕ್ಕೆ. ಆಟಿ ಅಮಾವಾಸ್ಯೆಗೆ. ಅಯೋಡಿನ್. ಅಣುಬಾಂಬಿನ ವಿಷ ಹಿಡೀದಿರಲಿ ಅಂತ, ಮಗಳಿಗೆ, ಕುವೈತಿನಲ್ಲಿ... ಎಲ್ಲರಿಗೂ ಒಂದೇ ಪಾತ್ರೆ.'

ಕಾಂಪೌಂಡರ್ ನಕ್ಕೇ ಬಿಟ್ಟ. 'ವೇಣೂರಿಗೆ ಅಣುಬಾಂಬು?' ಬನಿಯನ್ನಿನವರೂ ತಿರುಗಿ ನೋಡಿದರು. ಡಾಕ್ಟ್ರಮ್ಮ ನಗಲಿಲ್ಲ. 'ಯಾವುದು? ಬುಡ್ಡಿ ಉಂಟಾ?' ಅವನು ಕರವಸ್ತ್ರ ಬಿಚ್ಚಿ ಕೊಟ್ಟ. ಅವರು ಕನ್ನಡಕ ಏರಿಸಿ ಬೆಳಕಿಗೆ ಹಿಡಿದರು.

'ಎಷ್ಟು ಹಾಕಿದಿರಿ?'

'ಇದರಲ್ಲಿ ಈಗ ಇಲ್ಲದ್ದಷ್ಟೂ.'

'ದೇವರೇ! ಯಾಕೆ?'

'ವರ್ಷಕ್ಕೆ ಸಾಕಾಗಬೇಕಲ್ಲ ಅಂತ.' ಆಮೇಲೆ, ಬಿಡಬಾರದೆಂದುಕೊಂಡದ್ದನ್ನು ಬಿಡದೆ: 'ಗಂಜಿಗೆ ಬಿದ್ದು ನೀಲಿಯಾದದ್ದು ನೋಡಿದ್ದೆ. ಆದರೂ ಕೊಟ್ಟೆ.' ಬಸ್ಸಿನ ಟವೆಲ್ಲಿನ ಮಾತನ್ನೂ ಹೇಳಿದ, ಅದು ಎಷ್ಟು ಚೆನ್ನಾಗಿ ಅರ್ಥವಾಗಿತ್ತು ಎಂದು ತೋರಿಸಲೋ ಎಂಬಂತೆ.

ಡಾಕ್ಟ್ರಮ್ಮ ಪೆನ್ನು ಕೆಳಗಿಟ್ಟರು. 'ನೋಡಿ, ಆ ಟವೆಲ್ಲಿನ ಕಥೆ ಪೂರ್ತಿ ಸುಳ್ಳಲ್ಲ. ಅದಕ್ಕೇ ಅಪಾಯ. ಟವೆಲ್ ಎಷ್ಟು ಹೊತ್ತು ಇರುತ್ತದೆ? ಒಂದು ದಿನ. ವರ್ಷವಿಡೀ ಸೀಟು ನಿಮ್ಮದಾ? ಅಂಥ ಕಾಲ ಬಂದರೆ, ಕೊಡಿ ಅಂತ ಹೇಳಬೇಕಾದವರು ಹೇಳಿದ ಮೇಲೆ, ಅಳತೆ ಮಾಡಿದ ಮಾತ್ರೆಯನ್ನು ಆ ಹೊತ್ತಿಗೆ ಕೊಡುವುದು. ಅದೂ ಈ ಒಂದು ಗ್ರಂಥಿಯನ್ನು, ಒಂದು ಬಗೆಯ ವಿಷದಿಂದ ಮಾತ್ರ ಕಾಯುತ್ತದೆ. ಹನಿ, ಪಾಚಿಯ ಗುಳಿಗೆ ಯಾವುದೂ ಅದಕ್ಕೆ ಬದಲಿಯಲ್ಲ. ಹಳೆ ಗಡ್ಡೆ ಇದ್ದವರಿಗೆ ಇಷ್ಟು ಅಯೋಡಿನ್ ಹೋದರೆ ಗಡ್ಡೆ ಕೆರಳುತ್ತದೆ.' ಅವರು ಚೀಟಿಯನ್ನು ವಾಪಸು ಕೇಳಿ ಮಂಗಳೂರಿನ ಸಾಲನ್ನು ಹೊಡೆದು ಹಾಕಿದರು. 'ನೀವು ಹೇಳದೆ ಹೋಗಿದ್ದರೆ ಸ್ಕ್ಯಾನ್ ತಪ್ಪು ಹೇಳುತ್ತಿತ್ತು. ಒಂದೇ ಸಲ ಇಷ್ಟು ಹೋದದ್ದು ಮೈಯಿಂದ ಪೂರ್ತಿ ಇಳಿಯಲಿಕ್ಕೆ ವಾರಗಟ್ಟಲೆ ಬೇಕು. ಗ್ರಂಥಿ ಇನ್ನೂ ತುಂಬಿ ಕೂತಿದ್ದರೆ ಅಲ್ಲಿ ಕೊಡುವ ವಿಕಿರಣದ ಮದ್ದನ್ನು ಅದು ಹೀರುವುದೇ ಇಲ್ಲ.'

ಹೀರುವುದೇ ಇಲ್ಲ! ಕಮಲಾಕ್ಷನೊಳಗೆ ಏನೋ ಧಿಗ್ಗನೆ ಎದ್ದು ನಿಂತಿತು. ಹಾಗಾದರೆ ಆಮೇಲೆ ಬಂದದ್ದು ನಿಂತೇ ಹೋಗಬೇಕು. ಹಾಗಾದರೆ ಕೆಲಸ ಮಾಡಿದೆ. ತಾನು ಹಾಕಿದ್ದು ಹೋಗಬೇಕಾದ ಜಾಗಕ್ಕೇ ಹೋಗಿ ಕೂತಿದೆ. ಅದು ಸಂತೋಷ, ಬೇರೇನೂ ಅಲ್ಲ, ಮಗ್ಗಿ ಸರಿ ಹೇಳಿದ ಹುಡುಗನ ಸಂತೋಷ. ಅದು ಅವನ ಮುಖಕ್ಕೆ ಬಂದೇ ಬಿಟ್ಟಿತು. ತಿರುಗಿದರೆ ಪರದೆಯ ಪಕ್ಕದಲ್ಲಿ ಕುಸುಮ ನಿಂತಿದ್ದಳು. ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಕೈಯಲ್ಲಿ. ಅವಳು ನೋಡುತ್ತಿದ್ದದ್ದು ಅವನ ಮುಖವನ್ನೇ.

'ಇದರಿಂದಲೇ ಆದದ್ದಾ ಡಾಕ್ಟ್ರೇ?' ಎಂದು ಕೇಳಿದ್ದು ಅವಳು.

'ಆಗಿರಬಹುದು. ಇಂಥ ಗಡ್ಡೆ ತಾನಾಗಿಯೂ ಒಂದು ದಿನ ಹೀಗೆ ಮಾಡುತ್ತದೆ. ಕೆಲವು ವಾರ ಕಳೆದು ಇನ್ನೊಮ್ಮೆ ರಕ್ತ ನೋಡುವ, ಆಮೇಲೆ ಸ್ಕ್ಯಾನ್. ಮಗಳಿಗೂ ಒಮ್ಮೆ ಅಲ್ಲಿ ತೋರಿಸಲಿಕ್ಕೆ ಹೇಳಿ. ಮಗು ಕುಡಿದಿದ್ದರೆ ಮಗುವಿಗೂ.'

ಬಸ್ ಸ್ಟ್ಯಾಂಡಿನಲ್ಲಿ ಅವಳು ಬೈಯಲಿಲ್ಲ. ಬೈದರೆ ಹಿಡಿದುಕೊಳ್ಳಲು ಅವನು ಸಿದ್ಧನಾಗಿದ್ದ. ಆ ಸಿದ್ಧತೆ ಕೈಯಲ್ಲೇ ಉಳಿಯಿತು. ಧರ್ಮಸ್ಥಳ, ಕಾರ್ಕಳ, ಮಂಗಳೂರು ಎಂದು ಕೂಗುವ ದನಿಗಳ ನಡುವೆ ಇಬ್ಬರೂ ಸಿಮೆಂಟಿನ ಕಟ್ಟೆಯ ಮೇಲೆ ಕೂತರು. ಅವಳು ಮಾತಾಡಿದಾಗ ದನಿ ಮನೆಯ ಲೆಕ್ಕ ಹೇಳುವ ಹಾಗಿತ್ತು.

'ಮದುವೆಯಾದ ಮೇಲೆ ನಾನು ನಿಮ್ಮ ಕೈಯಿಂದ ತಗೊಂಡು ಕುಡಿಯುವುದು ವರ್ಷಕ್ಕೆ ಆ ಒಂದು ಲೋಟ. ಬೇರೆ ಎಲ್ಲ ನಾನೇ ಬಡಿಸಿದ್ದು. ಅದೊಂದು ದಿನ ನಾನು ಕೂತ್ಕೊಳ್ತೇನೆ, ನೀವು ಕೊಡ್ತೀರಿ. ನನಗೆ ಅದು ಬಹಳ ಖುಷಿ ಇತ್ತು ಮಾರಾಯ್ರೆ. ಹೇಳಿರಲಿಲ್ಲ ಅಷ್ಟೇ.'

ಅವನು ಕರವಸ್ತ್ರವನ್ನು ಮಡಚಿ ಕಿಸೆಗೆ ಹಾಕಿದ.

'ನಗಾಡಿದ್ರಿ ಅಲ್ವಾ ಒಳಗೆ?'

'ಹೂಂ,' ಎಂದ. ಈ ಹೂಂ ಸುಳ್ಳಾಗಿರಲಿಲ್ಲ. ಗಂಟಲಿನ ಮುಳ್ಳು ಹೋಗಲಿಲ್ಲ, ಸ್ವಲ್ಪ ಅಲುಗಿತು.

'ಫೋನ್ ಮಾಡಿ. ಈಗಲೇ. ಸ್ಪೀಕರಿಗೆ ಹಾಕಿ.'

ತೃಪ್ತಿ ಕೆಲಸದ ಜಾಗದಲ್ಲಿದ್ದಳು. ಹಿಂದೆ ಯಾವುದೋ ಮಿಶಿನ್ ಸದ್ದು. 'ಅಪ್ಪಾ? ಅಮ್ಮನಿಗೆ ಏನಾಯ್ತು?' ಅವನು ಮೊದಲ ವಾಕ್ಯವನ್ನು ಹುಡುಕದೆ ಹೇಳಿದ. ಕಷಾಯ, ಬುಡ್ಡಿ, ನೀಲಿ, ಡಾಕ್ಟ್ರಮ್ಮ.

'ನಾನು ಬೇಡ ಅಂದಿದ್ದೆ ಅಲ್ವಾ ಅಪ್ಪಾ.'

'ಅಂದಿದ್ದೆ.'

'ನಾನು ಬೇಡ ಅಂದದ್ದು ನಿಮಗೆ ಅರ್ಥ ಆಗಿತ್ತಾ?'

'ಆಗಿತ್ತು ಮಗಾ.'

ಅವಳು ಉಸಿರು ಬಿಟ್ಟದ್ದು ಇಷ್ಟು ದೂರಕ್ಕೆ ಕೇಳಿತು. 'ನಾನು ನಾಳೆ ತೋರಿಸ್ತೇನೆ. ಸಾತ್ವಿಕಾ ಕುಡಿದಿಲ್ಲ. ಬಾಯಿಗಿಟ್ಟದ್ದನ್ನೂ ನನ್ನ ಚೂಡಿದಾರಕ್ಕೆ ಉಗ್ದಿದ್ದಾಳೆ. ಆಗ ನೀವು ದನದ ಹಟ್ಟಿ ಕಡೆ ಹೋಗಿದ್ರಿ. ನಾನು ಅವಳಿಗೆ ಒಂದು ಕೊಟ್ಟೆ, ವರ್ಷದ ಮದ್ದು ಉಗಿಯುವುದಾ ಅಂತ.' ಆಮೇಲೆ, 'ಲೋಟದಲ್ಲಿ ಉಳಿದದ್ದು...'

'ನಾನು ಕುಡಿದೆ,' ಎಂದಳು ಕುಸುಮ ಫೋನಿಗಲ್ಲ, ಎದುರಿನ ಬಸ್ಸಿಗೆ ಹೇಳುವ ಹಾಗೆ. 'ಚೆಲ್ಲಬಾರದಲ್ಲ.'

ಮಗುವಿಗೆಂದು ಅವನು ಎಲ್ಲರಿಗಿಂತ ದೊಡ್ಡ ಲೋಟ ತುಂಬಿಸಿಟ್ಟಿದ್ದ.

ಬಿಸಿಲು ಕಟ್ಟೆಯ ಮೇಲಿಂದ ಅವರ ಕಾಲಿನವರೆಗೆ ಬಂದಿತ್ತು. ಮಾತ್ರೆಯನ್ನು ಈಗಲೇ ಒಂದು ತಗೊಳ್ಳಬೇಕೆಂದು ಡಾಕ್ಟ್ರಮ್ಮ ಹೇಳಿದ್ದರು. ಕುಸುಮ ಚೀಲದಿಂದ ನೀರಿನ ಬಾಟ್ಲಿ ತೆಗೆದಳು, ಬೆಳಿಗ್ಗೆ ಅವನೇ ತುಂಬಿಸಿ ಕೊಟ್ಟದ್ದು. ಮುಚ್ಚಳ ತಿರುಗಿಸಲು ಅವಳ ಬೆರಳಿಗೆ ಆಗಲಿಲ್ಲ. ಅವನು ಕೈ ಚಾಚಿದ, ಅವಳು ಕೊಡಲಿಲ್ಲ. ಸೆರಗು ಸುತ್ತಿ ತಿರುಗಿಸಿ ತಾನೇ ತೆಗೆದಳು. ಬಾಯಿಗಿಡುವ ಮೊದಲು ಮೂಗಿಗೆ ಹಿಡಿದು ನೋಡಿದಳು. ಇಷ್ಟು ವರ್ಷದಲ್ಲಿ ಅವಳು ಹಾಗೆ ಮಾಡಿದ್ದನ್ನು ಅವನು ನೋಡಿರಲಿಲ್ಲ.

'ಇದಕ್ಕೆ ಏನು ಹಾಕಿದ್ದೀರಿ?'

'ಬ್ಲೀಚಿಂಗ್. ಊರಿಗೆಲ್ಲ ಹಾಕುವಷ್ಟೇ.' ಆಮೇಲೆ ಅವನು ಅಳತೆ ಹೇಳಿದ. ಎಷ್ಟು ನೀರಿಗೆ ಎಷ್ಟು ಪುಡಿ, ಎಷ್ಟು ಹೊತ್ತು ಕಾಯುವುದು, ಯಾಕೆ ತಿಳಿ ಮಾತ್ರ. ಯಾರೂ ಕೇಳದೆ ಇದ್ದದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದ. ಅವಳು ಬಾಟ್ಲಿ ಹಿಡಿದುಕೊಂಡೇ ಕೇಳಿದಳು. ವೇಣೂರಿನ ಬಸ್ಸು ಬಂದು, ಜನ ಹತ್ತಿ, ಹೊರಟು ಹೋಯಿತು.

'ಮುಂದಿನ ಆಟಿಗೆ ಮರದ ಹತ್ತಿರ ನಾನೂ ಬರ್ತೇನೆ,' ಎಂದಳು.

'ಹೆಂಗಸರು ಹೋಗುವ ಕ್ರಮ ಇಲ್ಲ...'

'ಕ್ರಮ ಇಲ್ಲದ್ದು ನೀವು ಮಾಡಿಯಾಗಿದೆ.'

ಮಾತ್ರೆಯನ್ನು ನಾಲಗೆಯ ಮೇಲಿಟ್ಟು ನೀರು ಕುಡಿದಳು. ಪೂರ್ತಿ ಕುಡಿಯಲಿಲ್ಲ, ಅರ್ಧ ಉಳಿಸಿ ಬಾಟ್ಲಿಯನ್ನು ಅವನ ಕಡೆಗೆ ಸರಿಸಿದಳು. ಅವನು ಕುಡಿದ.

ಕುಸುಮಕ್ಕನ ಗಡ್ಡೆ ಆ ಹನಿಗಳಿಂದ ಕೆರಳಿತೋ ತಾನಾಗಿ ಕೆರಳಿತೋ, ನಾನು ಇದನ್ನು ಬರೆಯುವ ಹೊತ್ತಿಗೆ ಡಾಕ್ಟ್ರಮ್ಮನಿಗೂ ಗೊತ್ತಾಗಿಲ್ಲ. ಸ್ಕ್ಯಾನ್ ಇನ್ನೂ ಆಗಬೇಕಷ್ಟೆ. ತೃಪ್ತಿಯ ರಕ್ತದ ರಿಪೋರ್ಟ್ ಬಂದಿದೆಯೋ ಇಲ್ಲವೋ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಕುವೈತಿನ ಎದುರಿನ ಆ ದಡದಲ್ಲಿ ಮುಂದೆ ಏನಾಗುತ್ತದೆ ಎಂಬುದು ಯಾರಿಗೂ ಗೊತ್ತಿಲ್ಲ. ಬಾಟ್ಲಿಯನ್ನು ಕುಸುಮಕ್ಕ ಯಾಕೆ ಅವರ ಕಡೆಗೆ ಸರಿಸಿದರು ಎಂದು ಕೇಳಿದಾಗ ಕಮಲಾಕ್ಷಣ್ಣ, 'ಅದು ನನಗೂ ಗೊತ್ತಿಲ್ಲ ಮಾರಾಯ,' ಎಂದರು. ನನಗೂ ಗೊತ್ತಿಲ್ಲ.